ಕಪ್ಪು ಪಟ್ಟಿಯ ಕೆಳಗಿದ್ದ ಹೆಸರು

ಅಕ್ಕ, ನಿನ್ನ ಹೆಸರು ಮಾಲೀಕನಿಗೆ ಸಿಕ್ಕಿದ್ದು ನೂರ್‌ಜಾನ್‌ನಿಂದಲ್ಲ — ನನ್ನಿಂದ. ಮೂರು ವರ್ಷದಿಂದ ನೀನು ಏನೂ ಮಾಡದವಳ ಜೊತೆ ಮಾತು ಬಿಟ್ಟಿದ್ದೀಯ.

ಶಿಡ್ಲಘಟ್ಟದ ರೇಷ್ಮೆ ನೂಲಿನ ಘಟಕದಲ್ಲಿ ನೀನೂ ಅವಳೂ ಅಕ್ಕಪಕ್ಕ ಕೂರುತ್ತಿದ್ದಿರಿ. ಗೂಡು ಬೇಯಿಸುವ ನೀರಿನಲ್ಲಿ ನಿನ್ನ ಕೈ ಸುಟ್ಟಾಗ ಮಾಲೀಕ ಆಸ್ಪತ್ರೆಗೂ ಕಳಿಸಲಿಲ್ಲ. ಕಾರ್ಮಿಕ ಸಂಘದವರು ನೀನೂ ಬೇರೆ ಹೆಂಗಸರೂ ಕೊಟ್ಟ ಹೇಳಿಕೆಗಳ ಪುಸ್ತಿಕೆ ಮಾಡಿಸಲು ಬಂದದ್ದು ಚಿಂತಾಮಣಿಯಲ್ಲಿ ನಾನು ಕೆಲಸ ಮಾಡುವ ಡಿಟಿಪಿ ಅಂಗಡಿಗೇ.

"ನನ್ನ ಹೆಸರು ಮಾತ್ರ ಕಾಣಬಾರ್ದು ಕಣೇ," ಅಂದಿದ್ದೆ ನೀನು.

"ಅದಕ್ಕೇ ಅಲ್ವಾ ಅಕ್ಕ ನಾನಿರೋದು," ಅಂದಿದ್ದೆ ನಾನು.

ಏಳನೇ ಕ್ಲಾಸಿಗೇ ಓದು ಬಿಟ್ಟವಳು ಕಂಪ್ಯೂಟರಿಗೆ ಆಜ್ಞೆ ಕೊಡುತ್ತಿದ್ದೇನೆ ಅನ್ನುವ ಖುಷಿ! ಮುಚ್ಚಬೇಕಾದ ಸಾಲನ್ನು ಬ್ರಾಕೆಟ್ಟಿನೊಳಗಿಟ್ಟು ಮುಂದೆ ಒಂದು ಕಮಾಂಡ್ ಬರೆದರೆ ಅಕ್ಷರವೇ ಹೋಗಿ ಕಪ್ಪು ಪಟ್ಟಿ ಬರುತ್ತಿತ್ತು. ಒಂದೊಂದೇ ಹೆಸರು ಮಾಯವಾಗುವಾಗ ಕೂತಲ್ಲೇ ಕುಣಿದೆ. ನಿನ್ನ ಸಾಲಿಗೆ ಬಂದಾಗ ಕಂಪ್ಯೂಟರು ನಿಂತುಹೋಯಿತು. ಹೆಸರಿನ ಪಕ್ಕ 'ಕೈ 10% ಸುಟ್ಟಿದೆ' ಎಂದಿತ್ತು. ಆ % ಕಂಡರೆ ಕಂಪ್ಯೂಟರು ಸಾಲಿನಲ್ಲಿ ಉಳಿದದ್ದನ್ನು ಓದುವುದೇ ಇಲ್ಲ — ಬ್ರಾಕೆಟ್ಟು ಮುಚ್ಚಿದ್ದೂ ಅದಕ್ಕೆ ಕಾಣುವುದಿಲ್ಲ. %ಗೆ ಮೊದಲು ಒಂದು ಓರೆಗೆರೆ ಹಾಕಿದರೆ ಅದನ್ನು ಬರೀ ಅಕ್ಷರದಂತೆ ಓದುತ್ತದೆ ಎಂದು ಅಂಗಡಿಯ ಯಜಮಾನರು ಹೇಳಿಕೊಟ್ಟಿದ್ದರು. ಮರೆತಿದ್ದೆ. ಮತ್ತೆ ಕೇಳಲು ನಾಚಿಕೆ. 'ಶೇಕಡಾ' ಎಂದು ಬರೆದಿದ್ದರೂ ಸಾಕಿತ್ತು — ಅದೂ ಹೊಳೆಯಲಿಲ್ಲ. ಕಮಾಂಡ್ ತೆಗೆದು, ತಯಾರಾದ ಪುಟದ ಮೇಲೆ ಒಂದು ಕಪ್ಪು ಪಟ್ಟಿ ಎಳೆದುಬಿಟ್ಟೆ.

ಕಾಗದದಲ್ಲಿ ಏನೂ ಕಾಣಲಿಲ್ಲ. ಆದರೆ ಸಂಘದವರು ಪುಸ್ತಿಕೆಯನ್ನು ಎಲ್ಲರ ಮೊಬೈಲಿಗೂ ಕಳಿಸಿದರು. ನಿನ್ನನ್ನು ಕೆಲಸದಿಂದ ತೆಗೆದ ಮಾರನೇ ದಿನ ನಿನ್ನ ಊಟದ ಡಬ್ಬಿ ತರಲು ಹೋದೆನಲ್ಲ — ಘಟಕದ ಗುಮಾಸ್ತ ತನ್ನ ಮೊಬೈಲಿನಲ್ಲಿ ಆ ಕಪ್ಪಿನ ಮೇಲೆ ಬೆರಳೊತ್ತಿ, ಕಾಪಿ ಮಾಡಿ, ಬೇರೆ ಕಡೆ ಅಂಟಿಸಿ ತೋರಿಸಿದ. ನಿನ್ನ ಹೆಸರು, ಇನಿಶಿಯಲ್ ಸಮೇತ.

"ನಿಮ್ಮಂಗಡಿ ಪರದೆ ಬಲು ತೆಳ್ಳಗೈತಲ್ಲಮ್ಮ," ಅಂದ.

ಸಂಜೆ ನೀನು, "ಹೇಳಿಕೆ ಕೊಟ್ಟಿದ್ದನ್ನ ನೂರ್ ಒಬ್ಳಿಗೇ ಹೇಳಿದ್ದೆ ಕಣೇ, ಅವಳೇ ಬಾಯಿ ಬಿಟ್ಟಿದಾಳೆ," ಅಂದೆ. ನಾನು ತಟ್ಟೆ ತೊಳೆಯುತ್ತಿದ್ದೆ. ತೊಳೆಯುತ್ತಲೇ ಇದ್ದೆ. ರಂಜಾನ್‌ಗೆ ಅವಳು ಶ್ಯಾವಿಗೆ ಪಾಯಸ ಹಿಡಿದು ಬಂದಾಗ ಬಾಗಿಲು ಹಾಕು ಅಂದವಳು ನೀನು, ಚಿಲಕ ಹಾಕಿದ್ದು ನನ್ನ ಕೈ.

ಅಲ್ಲಿಂದ % ಇರುವ ಪುಟಗಳನ್ನೆಲ್ಲ ಬೇರೆಯವರಿಗೆ ದಾಟಿಸುತ್ತಿದ್ದೆ. ಇವತ್ತು ಅಂಗಡಿಯಲ್ಲಿ ಬೇರೆ ಯಾರೂ ಇರಲಿಲ್ಲ, ಯಜಮಾನರನ್ನು ಕೇಳಿಯೇಬಿಟ್ಟೆ. ಓರೆಗೆರೆ ಹಾಕಿದೆ, ಅಕ್ಕ — ಒಂದೇ ಗೆರೆ — ಸಾಲು ನಿಜವಾಗಿಯೂ ಹೋಯಿತು! ಬೆರಳೊತ್ತಿ ಹಿಡಿದೆ, ಮತ್ತೆ ಮತ್ತೆ ಹಿಡಿದೆ, ಕೆಳಗೆ ಏನೂ ಇಲ್ಲ! ಕೂಗಬೇಕೆನಿಸಿತು. ಇಷ್ಟೇನಾ — ಇಷ್ಟು ಕೇಳಲು ನಾಚಿಕೊಂಡು ನಾನು...

ಈ ಪತ್ರದ ಇನ್ನೊಂದು ಪ್ರತಿ ಹಿಡಿದು ನೂರ್‌ಜಾನ್ ಮನೆಗೆ ಹೊರಟಿದ್ದೇನೆ. ಬಾಗಿಲು ತೆಗೆಯದಿದ್ದರೆ ಹೊರಗೇ ನಿಲ್ಲುತ್ತೇನೆ. ನಿನ್ನ ಹೆಸರನ್ನು ಇದರಲ್ಲಿ ಎಲ್ಲೂ ಬರೆದಿಲ್ಲ. ನನ್ನದು ಕೆಳಗಿದೆ, ಅದರ ಮೇಲೆ ಏನೂ ಎಳೆದಿಲ್ಲ.

ನಿನ್ನ ತಂಗಿ,
ಪದ್ಮ