ತನ್ನದೇ ವರದಿ

ಸಾಗರದ ಲ್ಯಾಬಿನಲ್ಲಿ ನಾನು ಬಂದವರ ಹೆಸರು ಬರೆದುಕೊಳ್ಳುತ್ತಿದ್ದೆ, ನಮ್ಮ ಟೆಕ್ನಿಷಿಯನ್ ವೀರ್ಯ ಪರೀಕ್ಷೆ ಮಾಡುತ್ತಿದ್ದರು. ಮಕ್ಕಳಾಗಲಿಲ್ಲವೆಂದು ಹೆಂಡತಿಯನ್ನಷ್ಟೇ ತಪಾಸಣೆಗೆ ಕರೆತಂದವರನ್ನು ಕಂಡರೆ ಕನ್ನಡಕ ಹಣೆಗೇರಿಸಿ, "ಮೊದ್ಲು ನಿಮ್ದು ನೋಡನ. ಈಗ ಗಂಡಸ್ರಿಗೂ ಚಿಕಿತ್ಸೆ ಇದೆ" ಎನ್ನುತ್ತಿದ್ದರು. ಆ ಟೆಕ್ನಿಷಿಯನ್ನರ ಸ್ವಂತ ಹೆಂಡತಿ ಮಾತ್ರ ಒಂಬತ್ತು ವರ್ಷ ಮಾತ್ರೆ ನುಂಗಿ, ಬಂಜೆಯೆನಿಸಿಕೊಂಡು, ಕೊನೆಗೆ ಹೊಸನಗರದ ತವರಿಗೆ ಹೋದರು. ಆ ವಾರವೇ ಟೆಕ್ನಿಷಿಯನ್ ತಮ್ಮದೇ ವೀರ್ಯದ ಮಾದರಿಯನ್ನು ಸೂಕ್ಷ್ಮದರ್ಶಕದಡಿ ಇಟ್ಟರು. ಒಂದೂ ವೀರ್ಯಾಣು ಇರಲಿಲ್ಲ.

ವರದಿ ಹಿಡಿದು ಹೊಸನಗರಕ್ಕೆ ಹೋದದ್ದನ್ನು ಮರುದಿನ ಅವರೇ ನನಗೆ ಹೇಳಿದರು. "ಈಗ ವೃಷಣದಿಂದಲೇ ವೀರ್ಯಾಣು ಹುಡುಕಿ ತೆಗೀತಾರೆ. ಆಪರೇಷನ್ ಮಾಡಿಸ್ಕೋತೀನಿ, ಬಾ" ಎಂದು ಹೆಂಡತಿಯನ್ನು ಕರೆದರಂತೆ.

"ಇಷ್ಟು ವರ್ಷ ಯಾಕೆ ನೋಡ್ಕಳ್ಲಿಲ್ಲ?" ಎಂದು ಆಕೆ ಕೇಳಿದರಂತೆ.

"ಹೆದ್ರಿದ್ದೆ."

ಆಕೆ ವರದಿಯನ್ನು ಪೂರ್ತಿ ಓದಿ, ಪಕ್ಕದಲ್ಲಿದ್ದ ತಾಯಿಯ ಕೈಗಿಟ್ಟು, "ನೋಡಮ್ಮ, ನಂದಲ್ಲ" ಎಂದು ಒಳಗೆ ಹೋದರು. ಮತ್ತೆ ಹೊರಗೆ ಬರಲಿಲ್ಲ.