ಬೇವಿನ ದಿಮ್ಮಿ ಸೀಳಿದ ದಿನ

ಬೆಂಗಳೂರಿನ ಗಾರ್ಮೆಂಟ್ಸ್ ಬಿಟ್ಟು ಬಂದು ನಾನೂ ಅಕ್ಕನೂ ರಾಯದುರ್ಗದಲ್ಲಿ ಜೀನ್ಸ್ ಹೊಲಿಯಲು ಶುರುಮಾಡಿದ ವರ್ಷ ಅದು. ಮಷಿನ್‌ಗಳಿದ್ದವು, ಬಟ್ಟೆ ಹಾಸಿ ಕತ್ತರಿಸಲು ಉದ್ದನೆಯ ಮೇಜಿರಲಿಲ್ಲ. ನೆಲದ ಮೇಲೆ ಬಗ್ಗಿ ಬಗ್ಗಿ ಸೊಂಟ ಹಿಡಿದುಕೊಂಡಿತ್ತು.

ಗುಮ್ಮಘಟ್ಟದ ಹತ್ತಿರ ನಮ್ಮ ಹೊಲದಲ್ಲಿ ಗಾಳಿಗೆ ಉರುಳಿದ ದೊಡ್ಡ ಬೇವಿನ ಮರವಿತ್ತು. ಮೇಜಿನ ಹಲಗೆಗೆ ಅದೇ ಸಾಕಾಗಿತ್ತು, ಆದರೆ ಆ ದಿಮ್ಮಿಯನ್ನು ಎತ್ತಿ ಸಾಗಿಸುವುದು ಆಗದ ಮಾತು.

"ಅಲ್ಲೇ ಸೀಳಿಬಿಡೂನು," ಎಂದರು ಮಾವ, ಅಕ್ಕನ ಗಂಡ. ಜಾಲಿ ಕಡಿಯಲು ಅವರು ಪೆಟ್ರೋಲ್ ಗರಗಸ ಇಟ್ಟುಕೊಂಡಿದ್ದರು.

ಕೊಂಬೆಗಳನ್ನು ಸರಾಗವಾಗಿ ತುಂಡರಿಸಿದ ಗರಗಸ, ದಿಮ್ಮಿಯ ಉದ್ದಕ್ಕೆ ಇಳಿಸಿದಾಗ ಒದ್ದಾಡಿತು. ಸೀಳು ಒರಟೊರಟು. ಮರುದಿನವೇ ಗರಗಸದ ಹಲ್ಲುಗಳಿರುವ ಹಳೆಯ ಚೈನು ಬಿಚ್ಚಿ ಚೀಲಕ್ಕೆ ಹಾಕಿಕೊಂಡು ಬಳ್ಳಾರಿಯ ಬಸ್ಸು ಹತ್ತಿದೆ.

"ಅಡ್ಡ ಕೊಯ್ಯಾಕೇನ್ರಿ, ಉದ್ದ ಸೀಳಾಕೇನ್ರಿ?" ಎಂದು ಅಂಗಡಿಯವರು ಕೇಳಿದರು.

"ಉದ್ದ ಸೀಳಾಕ್ರಿ."

"ಹಂಗಾದ್ರ ಇದು ತಗೋರಿ."

ಹಳೆಯ ಚೈನಿನ ಹಲ್ಲುಗಳ ಅಂಚು ಓರೆಯಾಗಿತ್ತು, ಇದರದು ಹೆಚ್ಚುಕಡಿಮೆ ನೇರ. ಎರಡನ್ನೂ ಪಕ್ಕಪಕ್ಕ ಹಿಡಿದು, ಕೊಂಡಿಗೆ ಕೊಂಡಿ ಸರಿಹೊಂದುವುದನ್ನು ನೋಡಿದೆ. ಜೊತೆಗೆ ಹಲ್ಲು ಮಸೆಯಲು ಒಂದು ದುಂಡನೆಯ ಅರವನ್ನೂ ಕೊಂಡೆ.

ಹೊಸ ಚೈನು ದಿಮ್ಮಿಯೊಳಗೆ ಇಳಿದ ಪರಿ ನೋಡಿ ನಾನು ಕುಣಿಯುವುದೊಂದೇ ಬಾಕಿ! ಆದರೆ ನಡುವಿನಲ್ಲಿ 'ಖಣ್' ಎಂದಿತು. ಕುರಿ ಕಟ್ಟಲು ಯಾರೋ ಯಾವತ್ತೋ ಹೊಡೆದ ಮೊಳೆ. ಮಾವ ಅದನ್ನು ಕಿತ್ತು, ಅಲ್ಲೇ ಕೂತು ಮೊಂಡಾದ ಹಲ್ಲುಗಳನ್ನು ಅರದಿಂದ ಉಜ್ಜಿದರು. ಮತ್ತೆ ಹಚ್ಚಿದರೆ ಗರಗಸ ಎಡಕ್ಕೆ ಎಳೆಯತೊಡಗಿತು.

ಗರಗಸ ನಿಲ್ಲಿಸಲು ಹೇಳಿ ಹಲ್ಲುಗಳ ಮೇಲೆ ಕಣ್ಣಾಡಿಸಿದೆ. ಒಂದು ಬದಿಯವು ಉದ್ದ, ಇನ್ನೊಂದು ಬದಿಯವು ಗಿಡ್ಡ.

"ಮಾವ, ಒಂದು ಕಾಲು ಗಿಡ್ಡ ಆದ್ರ ಪ್ಯಾಂಟು ಸರಿ ಕುಂದರತೈತೇನ್ರಿ? ಕೊಡ್ರಿ ಇಲ್ಲಿ."

ಅವರು ನಕ್ಕು ಅರ ಕೊಟ್ಟರು. ಒಳಗಿನಿಂದ ಹೊರಕ್ಕೆ, ಒಂದೇ ದಿಕ್ಕಿಗೆ, ಒಂದೇ ಒತ್ತಡದಲ್ಲಿ ಉಜ್ಜುತ್ತ ಉದ್ದದ ಹಲ್ಲುಗಳನ್ನೆಲ್ಲ ಗಿಡ್ಡವುಗಳ ಅಳತೆಗೆ ತಂದೆ. ಬೆರಳೆಲ್ಲ ಕಪ್ಪಾದವು.

ಈ ಸಲ ಗರಗಸ ಗೆರೆ ಬಿಟ್ಟು ಅಲುಗಲಿಲ್ಲ. ಹೊಟ್ಟು ಮಾವನ ಮೊಣಕಾಲಿನ ಮೇಲೆ ಸುರಿಯಿತು, ಕಹಿ ವಾಸನೆ ಗಂಟಲಿಗೇ ಇಳಿಯಿತು. ಕೊನೆಯ ಗೇಣು ಸೀಳಿ ಹಲಗೆ ಬೇರೆಯಾದಾಗ ಅಕ್ಕ ಓಡಿಬಂದು ಅದರ ಮೇಲೆ ಅಂಗೈ ಆಡಿಸಿದಳು. ಒಳಗೆಲ್ಲ ಕೆಂಪು ಎಳೆಗಳು.

"ಇನ್ನೊಂದು ಸೀಳ್ರಿ, ನಿಲ್ಲಸಬ್ಯಾಡ್ರಿ!" ಎಂದು ಕೂಗಿದಳು. ಮಾವ ಆಗಲೇ ಪೆಟ್ರೋಲ್ ತುಂಬಿಸುತ್ತಿದ್ದರು.