ತವರಿನ ಎಮ್ಮೆಯ ಹುಡುಕಾಟ

ಸವಣೂರಿನ ಕಂಪ್ಯೂಟರ್ ಅಂಗಡಿಯೊಂದರಲ್ಲಿ ಮದಿಹಾ ಆರು ವರ್ಷಗಳಿಂದ ಮಾಡುತ್ತಿರುವ ಕೆಲಸ ದನ ಹುಡುಕುವುದು. ಕಳೆದುಹೋದ ದನವಲ್ಲ, ಲಸಿಕೆ ಹಾಕಿಸಿಕೊಂಡ ದನ. ನಾಲ್ಕು ತಾಲ್ಲೂಕಿನ ದನಗಳ ಮಾಹಿತಿಯೆಲ್ಲ ಒಂದೇ ದೊಡ್ಡ ಎಕ್ಸ್‌ಎಂಎಲ್ ಫೈಲಿನಲ್ಲಿದೆ. ಒಂದೊಂದು ದನಕ್ಕೂ ಒಂದು ದಾಖಲೆ, ಅದರೊಳಗೆ ಕಿವಿಯ ಬಿಲ್ಲೆಯ ನಂಬರು, ಮಾಲೀಕರ ಹೆಸರು, ಅವರ ಊರು, ಲಸಿಕೆಯ ದಿನ. ಆ ಫೈಲನ್ನು ಇಡಿಯಾಗಿ ತೆರೆದರೆ ಕಂಪ್ಯೂಟರ್ ಗರ ಬಡಿದಂತೆ ನಿಂತುಬಿಡುತ್ತಿತ್ತು. ರೋಸಿಹೋಗಿ ಅವಳೇ ಕೋಡ್ ಬರೆದಳು: ಒಂದೊಂದೇ ದಾಖಲೆ ಓದು, ಊರು ಹೊಂದದಿದ್ದರೆ ಅಲ್ಲೇ ಬಿಟ್ಟು ಮುಂದೆ ಹೋಗು. ಈಗ ಹತ್ತು ಸೆಕೆಂಡಿನ ಕೆಲಸ. ಅದರ ಜಂಬ ಅವಳಿಗೆ ಸಾಕಷ್ಟಿತ್ತು.

ಆ ಜಂಬ ಇಳಿಸಲೆಂದೇ ಒಂದು ಬೆಳಿಗ್ಗೆ ಹತ್ತಿಮತ್ತೂರಿನಿಂದ ಹುಚ್ಚವ್ವ ಬಂದಳು. ಮಗಳು ವಿದ್ಯಾಶ್ರೀಯನ್ನು ತಡಸಕ್ಕೆ ಕೊಟ್ಟಿದ್ದರು. ಅಂದು ಅವಳನ್ನು ಗಂಡನ ಮನೆಗೆ ಕಳಿಸುವ ದಿನ, ಜೊತೆಗೊಂದು ಎಮ್ಮೆ. ದನಗಳಿಗೆ ರೋಗ ಹಬ್ಬಿದ್ದರಿಂದ ಲಸಿಕೆಯ ಚೀಟಿಯಿಲ್ಲದೆ ಸಾಗಿಸುವಂತಿರಲಿಲ್ಲ. ಎಮ್ಮೆಯ ಬಿಲ್ಲೆಯೋ ಬೇಲಿಗೆ ಸಿಕ್ಕು ಕಿತ್ತುಹೋಗಿತ್ತು. ನಂಬರು ಯಾರಿಗೂ ನೆನಪಿಲ್ಲ.

“ಹನ್ನೆರಡಕ್ಕ ಟೆಂಪೋ ಬರ್ತೈತಿ. ಎಮ್ಮಿ ಇಲ್ದ ಹೋದ್ರ ಬೀಗರ ಮುಂದ ನನ್ನ ಮಗಳು ತಲಿ ಎತ್ತಂಗಿಲ್ಲ. ಲಗೂನ ನೋಡವ್ವಾ.”

ಮದಿಹಾ ಹತ್ತಿಮತ್ತೂರು ಎಂದು ಊರು ಕೊಟ್ಟು ಹುಚ್ಚವ್ವನ ಹೆಸರು ಹಾಕಿದಳು. ಏನೂ ಇಲ್ಲ. ಗಂಡನ ಹೆಸರು ಹಾಕಿದಳು, ಮಾವನ ಹೆಸರನ್ನೂ ಹಾಕಿದಳು. ಪ್ರತಿ ಸಲವೂ ಹತ್ತೇ ಸೆಕೆಂಡಿನಲ್ಲಿ ಸೊನ್ನೆ. ಹನ್ನೊಂದು ಹೊಡೆಯಿತು.

“ನಿಮ್ಮ ಎಮ್ಮಿ ಇದರಾಗ ಇಲ್ರಿ. ಲಸಿಕಿ ಹಾಕ್ಸೇ ಇಲ್ಲ ನೀವು.”

“ನಾನ ಹಗ್ಗಾ ಹಿಡ್ಕೊಂಡು ನಿಂತೇನಿ, ಸೂಜಿ ಚುಚ್ಚಿದ್ದು ನೋಡೇನಿ! ನಿನ್ನ ಡಬ್ಬಿ ಸುಳ್ಳು ಹೇಳಾಕತ್ತೈತಿ.”

ಡಬ್ಬಿ ಎಂದದ್ದಕ್ಕೆ ಮದಿಹಾಳಿಗೆ ಮೈಯೆಲ್ಲ ಉರಿದುಹೋಯಿತು. “ಹಂಗಾರ ಬರ್ಕೊಳ್ಳಾಕ ಬಂದವರಿಗೆ ಎಮ್ಮಿ ಯಾರದಂತ ಹೇಳಿದ್ರಿ?”

“ಹಂಸಭಾವಿ ಮೈಲಾರಲಿಂಗಪ್ಪಂದು ಅಂದೇನಿ. ನಮ್ಮಣ್ಣ. ನನ್ನ ಲಗ್ನದಾಗ ಅಂವ ಕೊಟ್ಟ ಎಮ್ಮಿ ಹೊಟ್ಟ್ಯಾಗ ಹುಟ್ಟಿದ್ದಿದು. ತವರಿನ ಎಮ್ಮಿಗೆ ಗಂಡನ ಮನಿ ಹೆಸರು ಯಾರ ಹಚ್ತಾರವ್ವಾ?”

ಹಂಸಭಾವಿ ಎಲ್ಲಿ, ಹತ್ತಿಮತ್ತೂರು ಎಲ್ಲಿ! ಕೆಲಸ ಚುರುಕಾಗಲೆಂದು ಅವಳೇ ಬರೆದ ಸಾಲು ಆ ಎಮ್ಮೆಯನ್ನು ಹೆಸರು ಕೂಡ ಕೇಳದೆ ಹೊರಗೆ ಅಟ್ಟುತ್ತಿತ್ತು. ಊರು ಬದಲಿಸಿ ಅಣ್ಣನ ಹೆಸರು ಹಾಕಿದಳು. ಎಮ್ಮೆ ಸಿಕ್ಕಿತು, ಲಸಿಕೆಯ ದಿನವೂ ಸಿಕ್ಕಿತು. ಆದರೆ ಮದಿಹಾಳಿಗೆ ಸಂತೋಷವಾಗಲಿಲ್ಲ. ಆ ತಿಂಗಳಲ್ಲೇ ಒಂಬತ್ತು ಹೆಣ್ಣುಮಕ್ಕಳಿಗೆ ನಿಮ್ಮ ದನ ಇದರಲ್ಲಿಲ್ಲ ಎಂದು ಹೇಳಿ ಕಳಿಸಿದ್ದಳು. ಒಬ್ಬಳಂತೂ ಅತ್ತುಕೊಂಡೇ ಹೋಗಿದ್ದಳು.

“ಈಗರ ಎಮ್ಮಿ ವಿದ್ಯಾಶ್ರೀ ಹೆಸರಿಗೆ ಬರೀಲೇನ್ರಿ? ಊರು ತಡಸ ಅಂತ?”

“ಬ್ಯಾಡ! ನನ್ನ ಹೆಸರು, ಹತ್ತಿಮತ್ತೂರು ಅಂತ ಬರಿ. ನಾಳೆ ಯಾರರ ಕೇಳಿದ್ರ, ತವರಿಂದು ಅನ್ಲಿ ನನ್ನ ಮಗಳು.”

ಮದಿಹಾ ಎರಡೂ ಕೈಯಲ್ಲಿ ತಲೆ ಹಿಡಿದುಕೊಂಡಳು. ಆಮೇಲೆ ಹೇಳಿದಂತೆಯೇ ಬರೆದಳು.

ಹುಚ್ಚವ್ವ ಚೀಟಿ ಹಿಡಿದು ಓಡಿದ ಮೇಲೆ, ಮದಿಹಾ ಅತ್ತುಕೊಂಡು ಹೋದವಳ ನಂಬರು ಹುಡುಕಿ ಫೋನ್ ಹಚ್ಚಿದಳು.

“ಮೊದಲ ಇದನ್ನ ಕೇಳಬೇಕಿತ್ರಿ,” ಎಂದಳು. “ನಿಮ್ಮ ತವರೂರು ಯಾವುದು?”